ವಾರ್ಡ್ ಕಚೇರಿಯ ನೌಕರಿ ಶಿಬಿರ: ದಾಖಲೆ ಮೇಜಿಗೆ ಪೂರ್ಣ ಅಂಕ

ಮುಂಬಯಿ ಉಪನಗರದ ವಾರ್ಡೊಂದರ ಸಿಬ್ಬಂದಿ ವಿಭಾಗದ ಅಧಿಕಾರಿ ಅಲ್ಲಿನ ಕನ್ನಡ ಸಂಘದ ಜತೆ ಸೇರಿ, ನೌಕರಿಗೆ ಅರ್ಜಿ ಹಾಕುವವರಿಗಾಗಿ ನಡೆಸುವ ಶಿಬಿರವಿದು. ಸಂಘದ್ದು ಸಭಾಂಗಣ, ಪಾಲಿಕೆಯದ್ದು ಗುಮಾಸ್ತರು. ಶುಲ್ಕವಿಲ್ಲ.

ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವುದು ದಾಖಲೆ ನೋಡುವ ಮೇಜು. ಡೊಮಿಸೈಲ್‌ಗೆ (ರಾಜ್ಯದ ನಿವಾಸಿ ಎಂಬ ಪ್ರಮಾಣಪತ್ರಕ್ಕೆ) ಮಹಾರಾಷ್ಟ್ರದಲ್ಲಿ 15 ವರ್ಷ ನೆಲೆಸಿದ ಪುರಾವೆ ಬೇಕು. ಶಾಲೆಯ ಲೀವಿಂಗ್ ಸರ್ಟಿಫಿಕೇಟಿನಲ್ಲಿ ‘ಈರಪ್ಪ’, ಆಧಾರ್‌ನಲ್ಲಿ ‘ವೀರಪ್ಪ’ ಎಂದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಗುಮಾಸ್ತರು ಎರಡನ್ನೂ ಪಕ್ಕಪಕ್ಕ ಇಟ್ಟು, ತಪ್ಪಿದ ಅಕ್ಷರಕ್ಕೆ ಪೆನ್ಸಿಲ್ ಗುರುತು ಹಾಕಿ, ಹೆಸರು ಬದಲಾವಣೆಯ ಗೆಜೆಟ್ ಅರ್ಜಿಯನ್ನು ಕೂತಲ್ಲೇ ತುಂಬಿಸುತ್ತಾರೆ. ಇಷ್ಟು ತಾಳ್ಮೆ ಕಚೇರಿಯ ಕಿಟಕಿಯಲ್ಲಿ ಸಿಗುವುದಿಲ್ಲ.

ಕೊರತೆ ಒಂದಿದೆ, ಸಣ್ಣದಲ್ಲ. ಕರ್ನಾಟಕದ ಜಾತಿ ಪ್ರಮಾಣಪತ್ರಕ್ಕೆ ಇಲ್ಲಿ ಮೀಸಲಾತಿ ಇಲ್ಲ. ಮೀಸಲಾತಿ ಬೇಕಿದ್ದರೆ ಕುಟುಂಬ ಮಹಾರಾಷ್ಟ್ರದಲ್ಲಿ ನೆಲೆಸಿದ್ದಕ್ಕೆ ದಾಖಲೆ ಬೇಕು: ಪರಿಶಿಷ್ಟ ಜಾತಿಯಾದರೆ 1950ರ ಆಗಸ್ಟ್ 10ಕ್ಕೆ, ಒಬಿಸಿಯಾದರೆ 1967ರ ಅಕ್ಟೋಬರ್ 13ಕ್ಕೆ ಮೊದಲಿನದು. ಈ ಮಾತನ್ನು ಬಾಗಿಲಲ್ಲೇ ಬೋರ್ಡ್ ಬರೆದು ಹಾಕಬೇಕು. ಇವರು ಹೇಳುವುದು ಮೂರನೇ ಮೇಜಿನಲ್ಲಿ, ಅರ್ಧ ದಿನ ಕಳೆದ ಮೇಲೆ.

ಕನ್ನಡ ಮಾಧ್ಯಮದವರು ಹತ್ತನೆಯ ತರಗತಿಯ ಅಂಕಪಟ್ಟಿ ಮರೆಯಬೇಡಿ. ಪಾಲಿಕೆಯ ಗುಮಾಸ್ತ ಹುದ್ದೆಗೆ ಹತ್ತನೆಯಲ್ಲಿ 100 ಅಂಕಗಳ ಮರಾಠಿ ವಿಷಯ ಇದ್ದಿರಬೇಕೆಂದು ಕೇಳುತ್ತಾರೆ. ಮೂಲಪ್ರತಿಯ ಜತೆ ಎರಡು ಜೆರಾಕ್ಸ್ ಇರಲಿ, ಸಭಾಂಗಣದ ಹತ್ತಿರ ಜೆರಾಕ್ಸ್ ಅಂಗಡಿಯಿಲ್ಲ.