ಅಮೃತಬಳ್ಳಿ: ಪುಡಿ, ಸತ್ವ, ಹಸಿ ಕಾಂಡ ಮೂರನ್ನೂ ಬಳಸಿ ನೋಡಿದೆ

ಜ್ವರ ಬಿಟ್ಟಿತ್ತು, ಹಸಿವು ಮಾತ್ರ ಬಂದಿರಲಿಲ್ಲ. ವೈದ್ಯರು ಅಮೃತಬಳ್ಳಿ ತೆಗೆದುಕೊಳ್ಳಲು ಹೇಳಿದರು. ಹತ್ತತ್ತು ದಿನ ಒಂದೊಂದು ರೂಪದಲ್ಲಿ ಬಳಸಿದೆ.

ಪುಡಿ ಸುಲಭ. ಅರ್ಧ ಚಮಚ ಬಿಸಿನೀರಿಗೆ ಹಾಕಿದರೆ ಆಯಿತು. ಆದರೆ ಅದು ಕರಗುವುದಿಲ್ಲ, ನಾರು ಗಂಟಲಿಗೆ ಅಂಟುತ್ತದೆ. ಎರಡನೇ ಡಬ್ಬಿಯ ಬಣ್ಣವೇ ಬೇರೆ, ಕಹಿಯೂ ಕಡಿಮೆ. ಒಳಗಿರುವುದು ಯಾವ ಬಳ್ಳಿಯೋ, ಹೇಗೆ ತಿಳಿಯಬೇಕು? ಇದು ಸುಮ್ನೆ ಅನುಮಾನವಲ್ಲ. ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಲಿವರ್ ತೊಂದರೆಯಾದದ್ದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದ್ದರು. 2022ರ ಫೆಬ್ರವರಿಯಲ್ಲಿ ಆಯುಷ್ ಸಚಿವಾಲಯ, ಅಮೃತಬಳ್ಳಿ ಸುರಕ್ಷಿತ, ಆದರೆ ಅದರಂತೆಯೇ ಕಾಣುವ ಟೈನೋಸ್ಪೋರಾ ಕ್ರಿಸ್ಪಾ ಹಾನಿ ಮಾಡಬಹುದು ಎಂದು ಎಚ್ಚರಿಸಿತು. ಪುಡಿಯಾದ ಮೇಲೆ ಎರಡೂ ಒಂದೇ ಥರ ಅಲ್ವಾ?

ಸತ್ವವನ್ನು ನಾನೇ ಮಾಡಿದೆ. ಕಾಂಡ ಜಜ್ಜಿ, ರಾತ್ರಿಯಿಡೀ ನೆನೆಸಿ, ಕಿವುಚಿ, ಸೋಸಿ ಇಟ್ಟರೆ ತಳದಲ್ಲಿ ಬಿಳಿ ಹಿಟ್ಟು ಕೂರುತ್ತದೆ. ಮೇಲಿನ ನೀರು ಬಸಿದು ಒಣಗಿಸಬೇಕು. ಒಂದು ಕಿಲೋ ಕಾಂಡಕ್ಕೆ ಒಂದು ಹಿಡಿಯೂ ಸಿಗಲಿಲ್ಲ! ನುಂಗಲು ಹಿತ, ಹೊಟ್ಟೆಗೆ ತಂಪು. ಆದರೆ ಬಸಿದು ಚೆಲ್ಲಿದ ನೀರಿನ ರುಚಿ ನೋಡಿದೆ, ಕಹಿಯೆಲ್ಲ ಅದರಲ್ಲೇ ಇತ್ತು. ಸತ್ವ ಬಹುಪಾಲು ಪಿಷ್ಟ. ಅದು ಕಷಾಯಕ್ಕೆ ಬದಲಿ ಅಂತ ನನಗನಿಸುವುದಿಲ್ಲ.

ನನ್ನ ಓಟು ಹಸಿ ಕಾಂಡಕ್ಕೆ. ಅದನ್ನು ಕಣ್ಣಾರೆ ನೋಡಿ ಗುರುತಿಸಬಹುದು. ಹೊರಸಿಪ್ಪೆ ಕಾಗದದ ಹಾಗೆ ಸುಲಿಯುತ್ತದೆ, ಕೆಳಗೆ ಹಸಿರು. ಅಡ್ಡ ಕೊಯ್ದರೆ ಗಾಡಿಚಕ್ರದ ಅರೆಗಳಂಥ ಗೆರೆಗಳು. ಎಲೆ ವೀಳ್ಯದೆಲೆಯ ಹಾಗೆ ಹೃದಯದಾಕಾರ, ಆದರೆ ಎಲೆ ನೋಡಿ ಮೋಸ ಹೋಗಬೇಡಿ, ಕ್ರಿಸ್ಪಾದ್ದೂ ಹಾಗೇ ಇರುತ್ತದೆ. ಅದರ ಕಾಂಡದ ಮೈತುಂಬಾ ಉಬ್ಬಿದ ಗಂಟುಗಳಿರುತ್ತವೆ. ಇದರಲ್ಲಿ ಸಣ್ಣ ಚುಕ್ಕೆಗಳಷ್ಟೇ.

ಕಿರುಬೆರಳು ದಪ್ಪದ ಗೇಣುದ್ದದ ತುಂಡು ಜಜ್ಜಿ, ನಾಲ್ಕು ಲೋಟ ನೀರು ಒಂದಾಗುವವರೆಗೆ ಕುದಿಸಿದೆ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಕಹಿ ಅಂದರೆ ಕಹಿ, ಆರಿದ ಮೇಲೆ ಜೇನು ಬೆರೆಸಿದರೂ ಬಗ್ಗುವುದಿಲ್ಲ. ಐದನೇ ದಿನಕ್ಕೆ ಹಸಿವು ಬಂತು. ಕಷಾಯ ನನ್ನ ಕೊನೆಯ ಸರದಿ, ಅಷ್ಟರಲ್ಲಿ ಜ್ವರ ಬಿಟ್ಟು ಮೂರು ವಾರ ದಾಟಿತ್ತು. ಹಾಗಾಗಿ ಪೂರ್ತಿ ಶ್ರೇಯ ಇದಕ್ಕೇ ಅಂತ ಹೇಳಲಾರೆ. ಲಿವರ್ ತೊಂದರೆ ಇರುವವರು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಉಳಿದ ಒಂದು ತುಂಡನ್ನು ಕುಂಡದಲ್ಲಿ ನೆಟ್ಟಿದ್ದೆ. ಈ ಬಳ್ಳಿಗೆ ಛಿನ್ನರುಹಾ ಅಂತಲೂ ಹೆಸರು, ಕತ್ತರಿಸಿದರೂ ಚಿಗುರುವುದು ಅಂತ ಅರ್ಥ. ಈಗ ಅದರಲ್ಲಿ ಎರಡು ಎಲೆ ಬಿಟ್ಟಿವೆ.