ಪೂಲ್ಸ್: ಯಾರೂ ಇಲ್ಲದ ಈಜುಕೊಳಗಳಲ್ಲಿ ಸುಮ್ನೆ ನಡೆಯುವ ಆಟ

ಶತ್ರುಗಳಿಲ್ಲ, ಅಂಕಗಳಿಲ್ಲ, ಮಾತಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಇರುವುದು ಟೈಲ್ಸ್ ಹಾಕಿದ ಕೋಣೆಗಳು, ನೀರು ಮತ್ತು ನಿಮ್ಮ ಹೆಜ್ಜೆ ಸದ್ದು. ‘ಪೂಲ್ಸ್’ ಅಂದರೆ ಇಷ್ಟೇ. ಟೆನ್ಸೋರಿ ಎಂಬ ಸ್ಟುಡಿಯೊ 2024ರ ಏಪ್ರಿಲ್‌ನಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಗೆ ತಂದ ಕಂಪ್ಯೂಟರ್ ಆಟ ಇದು. ಆಡಿ ಮುಗಿಸಿದ ಮೇಲೂ ನಾನು ಇದನ್ನು ಮತ್ತೆ ಮತ್ತೆ ತೆರೆಯುತ್ತೇನೆ. ಗೆಲ್ಲುವುದಕ್ಕಲ್ಲ, ಅಲ್ಲಿ ಸ್ವಲ್ಪ ಹೊತ್ತು ಇರುವುದಕ್ಕೆ.

ಲಿಮಿನಲ್ ಸ್ಪೇಸ್, ಅಂದರೆ ಒಂದು ಸ್ಥಿತಿಗೂ ಇನ್ನೊಂದಕ್ಕೂ ನಡುವೆ ನಿಂತಂತಿರುವ ಖಾಲಿ ಜಾಗ, ಅಂತ ಜನ ಹೇಳುವ ಜಾಗಗಳು ನನ್ನನ್ನು ಯಾವಾಗಲೂ ಸೆಳೆದಿವೆ. ರಜೆಯಲ್ಲಿ ಖಾಲಿ ಬಿದ್ದ ಶಾಲೆಯ ಕಾರಿಡಾರ್, ನಡುರಾತ್ರಿಯ ವಿಮಾನ ನಿಲ್ದಾಣ, ಅಂಗಡಿಗಳೆಲ್ಲ ಬಾಗಿಲು ಹಾಕಿದ ಮೇಲಿನ ಮಾಲ್. ಇಂಟರ್‌ನೆಟ್ಟಿನಲ್ಲಿ ಈ ಗೀಳು ಜೋರಾಗಿದ್ದು 2019ರಲ್ಲಿ, ‘ಬ್ಯಾಕ್‌ರೂಮ್ಸ್’ ಎಂಬ ಹೆಸರು ಪಡೆದ ಒಂದು ಫೋಟೊದಿಂದ. ಹಳದಿ ಗೋಡೆ, ಟ್ಯೂಬ್‌ಲೈಟು, ಖಾಲಿ ಕೋಣೆ, ಅಷ್ಟೇ. ಅದನ್ನು ಎಲ್ಲಿ ತೆಗೆದಿದ್ದು ಅಂತ ಪತ್ತೆಯಾಗಿದ್ದು 2024ರಲ್ಲಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಊರಿನಲ್ಲಿ ಹಳೇ ಪೀಠೋಪಕರಣದ ಅಂಗಡಿಯೊಂದನ್ನು ಬೇರೆ ಅಂಗಡಿಯಾಗಿ ಬದಲಾಯಿಸುತ್ತಿದ್ದಾಗ, 2002ರಲ್ಲಿ ತೆಗೆದ ಚಿತ್ರ ಅದು. ಒಂದು ಅಂಗಡಿ ಹೋಗಿದೆ, ಇನ್ನೊಂದು ಇನ್ನೂ ಬಂದಿಲ್ಲ. ಇದು ಗೊತ್ತಾದಾಗ ನನಗೆ ತುಂಬಾ ಖುಷಿಯಾಯಿತು. ನೋಡಿದವರಿಗೆಲ್ಲ ಆಗಿದ್ದ ಅನುಭವಕ್ಕೆ ನಿಜವಾದ ಆಧಾರವೇ ಇತ್ತು, ಅಲ್ವಾ?

ಆ ಫೋಟೊದಿಂದ ಹುಟ್ಟಿದ ಆಟಗಳು ಬಹಳ. ಹೆಚ್ಚಿನವು ಅದೇ ಹಳದಿ ಕೋಣೆಯೊಳಗೆ ಒಂದು ದೆವ್ವ ಬಿಟ್ಟು ನಮ್ಮನ್ನು ಓಡಿಸುತ್ತವೆ. ಅಲ್ಲಿಗೆ ಜಾಗ ಸತ್ತುಹೋಗುತ್ತದೆ. ಓಡುವವನಿಗೆ ಗೋಡೆ ಕಾಣುವುದಿಲ್ಲ. ಪೂಲ್ಸ್ ಮಾಡಿದವರು ಆ ದೆವ್ವವನ್ನೇ ಕೈಬಿಟ್ಟಿದ್ದಾರೆ. ಈ ಆಟದ ಬಗ್ಗೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ ಇದೇ.

ಈಜುಕೊಳವನ್ನೇ ಆರಿಸಿಕೊಂಡದ್ದೂ ಸರಿಯಾಗಿದೆ. ಡಿಜಿಟಲ್ ಕಲಾವಿದ ಜ್ಯಾರೆಡ್ ಪೈಕ್ ರಚಿಸಿದ ‘ಡ್ರೀಮ್ ಪೂಲ್ಸ್’ ಚಿತ್ರಗಳನ್ನು ನೋಡಿದವರಿಗೆ ಈ ಲೋಕ ಹೊಸದಲ್ಲ. ಆದರೆ ಚಿತ್ರ ನೋಡುವುದು ಬೇರೆ, ಒಳಗೆ ನಡೆಯುವುದು ಬೇರೆ. ಪಾಳುಬಿದ್ದ ಮನೆ ಖಾಲಿ ಇದ್ದರೆ ಆಶ್ಚರ್ಯವಿಲ್ಲ. ಜನ ಬಿಟ್ಟುಹೋಗಿದ್ದಾರೆ ಅಂತ ಅಲ್ಲಿನ ಧೂಳೇ ಹೇಳುತ್ತದೆ. ಇಲ್ಲಿ ಹಾಗಲ್ಲ. ನೀರು ತಿಳಿಯಾಗಿದೆ. ದೀಪ ಉರಿಯುತ್ತಿದೆ. ಟೈಲ್ಸ್ ಹೊಳೆಯುತ್ತಿವೆ. ಯಾರೋ ಇದನ್ನೆಲ್ಲ ದಿನವೂ ನೋಡಿಕೊಳ್ಳುತ್ತಿರಬೇಕು. ಆದರೆ ಯಾರೂ ಇಲ್ಲ. ಯಾರಿಗೋ ಅಂತ ಸಿದ್ಧವಾಗಿ ನಿಂತ ಜಾಗ, ಆ ಯಾರೋ ಬರುವುದೇ ಇಲ್ಲ. ಮೆಟ್ಟಿಲು ಇಳಿದರೆ ನೀರಿನೊಳಗೆ ಹೋಗುತ್ತದೆ. ಜಾರುಬಂಡಿ ಕತ್ತಲೆಯೊಳಕ್ಕೆ ಇಳಿಯುತ್ತದೆ.

ಕಾರ್ಡಿಫ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಡೀಲ್ ಮತ್ತು ಮೈಕೆಲ್ ಲೂಯಿಸ್ 2022ರಲ್ಲಿ ಈ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮನುಷ್ಯನ ಹಾಗೇ ಇದ್ದೂ ಸ್ವಲ್ಪ ತಪ್ಪಾಗಿರುವ ಮುಖ ಕಂಡರೆ ನಮಗೆ ಕಸಿವಿಸಿ ಆಗುತ್ತದಲ್ಲ, ಜಾಗಗಳಿಗೂ ಅಂಥದ್ದೇ ಒಂದು ಗುಣ ಇದೆ ಎನ್ನುತ್ತಾರೆ ಅವರು. ಗುರುತಿನ ಜಾಗದ ರಚನೆ ಒಂಚೂರು ತಪ್ಪಿದರೆ ಮನಸ್ಸು ಅದನ್ನು ಹಿಡಿಯುತ್ತದೆ. ಪೂಲ್ಸ್‌ನಲ್ಲಿ ಇದು ಪ್ರತಿ ತಿರುವಿನಲ್ಲೂ ಆಗುತ್ತದೆ. ಕಂಬ ಬೇಕಿಲ್ಲದ ಕಡೆ ಕಂಬ, ಎಲ್ಲಿಗೂ ಹೋಗದ ಬಾಗಿಲು.

ಇನ್ನು ಸದ್ದು. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಟೈಲ್ಸ್, ಕಾಂಕ್ರೀಟು, ನೀರು, ಈ ಮೂರೂ ಸದ್ದನ್ನು ಹೀರಿಕೊಳ್ಳುವುದಿಲ್ಲ, ಹಿಂದಕ್ಕೆ ತಳ್ಳುತ್ತವೆ. ಅದಕ್ಕೇ ನಿಜವಾದ ಒಳಾಂಗಣ ಕೊಳದಲ್ಲಿ ಒಂದು ಕೂಗು ಅಷ್ಟು ಹೊತ್ತು ಉಳಿಯುತ್ತದೆ. ಆಟ ಮಾಡಿದವರು ಇದನ್ನು ಚೆನ್ನಾಗಿ ಅರಿತಿದ್ದಾರೆ. ಒಣ ನೆಲದ ಹೆಜ್ಜೆ ಬೇರೆ, ನೀರಿಗೆ ಇಳಿದಾಗಿನ ಹೆಜ್ಜೆ ಬೇರೆ. ಸಣ್ಣ ಕಾರಿಡಾರಿನಿಂದ ದೊಡ್ಡ ಹಾಲ್‌ಗೆ ಬಂದಾಗ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಹೆಡ್‌ಫೋನ್ ಹಾಕಿ ಆಡುವಾಗ ನನ್ನ ಮೂಗಿಗೆ ಕ್ಲೋರಿನ್ ವಾಸನೆ ಬಂದಂತಾಗುತ್ತದೆ. ಪರದೆಯಿಂದ ವಾಸನೆ ಬರಲ್ಲ, ಗೊತ್ತು. ಆದರೂ ಬರುತ್ತದೆ.

ಒಂದು ಆಕ್ಷೇಪ ಇದೆ. ಕೆಲವು ಕಡೆ ಆಟ ಕತ್ತಲೆ ಮತ್ತು ಇಕ್ಕಟ್ಟಾದ ದಾರಿಯ ಭಯವನ್ನು ನೆಚ್ಚಿಕೊಳ್ಳುತ್ತದೆ. ನನಗೆ ಆ ಭಾಗಗಳು ಕಡಿಮೆ ಹಿಡಿಸಿದವು. ಕತ್ತಲೆಯಲ್ಲಿ ಯಾರಾದರೂ ಹೆದರುತ್ತಾರೆ, ಅದು ಸುಲಭದ ದಾರಿ. ಝಗಝಗ ಬೆಳಕಿನಲ್ಲಿ, ಅಡಗಲು ಮೂಲೆಯೇ ಇಲ್ಲದ ಹಾಲ್‌ನಲ್ಲಿ ಎದೆ ಸಣ್ಣಗೆ ಬಿಗಿಯಾಗುವುದಿದೆಯಲ್ಲ, ಅದನ್ನು ಕಟ್ಟುವುದು ಕಷ್ಟ. ಈ ಆಟಕ್ಕೆ ಅದು ಬರುತ್ತದೆ. ಅದನ್ನೇ ಇನ್ನೂ ಜಾಸ್ತಿ ಕೊಡಬಹುದಿತ್ತು.

ಆದರೆ ಭಯವೊಂದೇ ಆಗಿದ್ದರೆ ನಾನು ಮರಳಿ ಹೋಗುತ್ತಿರಲಿಲ್ಲ. ಆ ಬಿಗಿತದ ಹಿಂದೆಯೇ ಒಂದು ಸಮಾಧಾನ ಬರುತ್ತದೆ. ಈ ಜಾಗಕ್ಕೆ ನನ್ನಿಂದ ಏನೂ ಬೇಕಿಲ್ಲ. ಉತ್ತರ ಕೊಡಬೇಕಿಲ್ಲ, ಬೇಗ ಹೋಗಬೇಕಿಲ್ಲ, ಯಾರಿಗೂ ಚೆನ್ನಾಗಿ ಕಾಣಬೇಕಿಲ್ಲ. ದಿನವಿಡೀ ಏನಾದರೊಂದು ಕೇಳುವ ಪರದೆಯ ಮೇಲೆಯೇ ಇಂಥ ಜಾಗ ಸಿಗುವುದು ನನಗೆ ದೊಡ್ಡ ವಿಷಯ.

ಬಿಡುಗಡೆಯಾದಾಗ ಇದ್ದದ್ದು 6 ಅಧ್ಯಾಯ. ಒಂದೊಂದೂ ಹತ್ತು ನಿಮಿಷದಿಂದ ಅರ್ಧ ಗಂಟೆ. ಒಂದೇ ಸಲಕ್ಕೆ ಎಲ್ಲ ಮುಗಿಸಬೇಡಿ. ಎಲ್ಲವೂ ಪಾತ್ರದ ಕಣ್ಣಿನಿಂದಲೇ ಕಾಣುವ ಇಂಥ ಆಟಗಳಲ್ಲಿ ತಲೆ ಸುತ್ತುವವರು ನಡುನಡುವೆ ನಿಲ್ಲಿಸಿ ಆಡಿ. ಗುರಿ, ಒಗಟು, ಕಥೆ ಬೇಕು ಅನ್ನುವವರಿಗೆ ಇದು ಬೇಸರ ತರಿಸುತ್ತದೆ. ಅವರಿಗೆ 2023ರ ಜಪಾನಿ ಆಟ ‘ದಿ ಎಕ್ಸಿಟ್ 8’ ಸರಿ. ಅಲ್ಲಿ ಸುರಂಗದಾರಿಯಲ್ಲಿ ಏನಾದರೂ ಬದಲಾಗಿದ್ದರೆ ಹಿಂದಿರುಗಬೇಕು, ಇಲ್ಲದಿದ್ದರೆ ಮುಂದೆ ಹೋಗಬೇಕು. ಎರಡನ್ನೂ ಆಡುವ ಮನಸ್ಸಿದ್ದರೆ ಪೂಲ್ಸ್ ಮೊದಲಿರಲಿ. ಎಕ್ಸಿಟ್ 8 ಆಡಿ ಬಂದವರ ಕಣ್ಣು ಪ್ರತಿ ಗೋಡೆಯಲ್ಲೂ ತಪ್ಪು ಹುಡುಕುತ್ತದೆ. ಆ ಕಣ್ಣಿಗೆ ಪೂಲ್ಸ್‌ನ ನೀರು ಸುಮ್ನೆ ನೀರಾಗಿ ಕಾಣುವುದು ಕಷ್ಟ.