ಡ್ರ್ಯಾಗ್‌ಗೆ ಹಿಂದಿನ ಟಯರ್: ಮೆತ್ತನೆಯದೋ, ಕಂಪನಿಯದೋ, ನೈಲಾನೋ?

ಡ್ರ್ಯಾಗ್‌ಗೆ, ಅಂದರೆ ನಿಂತಲ್ಲಿಂದ ಹೊರಟು ನೇರ ಪಟ್ಟಿಯಲ್ಲಿ ಓಡುವ ರೇಸಿಗೆ, ಬೈಕಿನ ಹಿಂದೆ ಯಾವ ಟಯರ್ ಹಾಕ್ಲಿ ಅಂತ ಉಡುಪಿಯಲ್ಲಿ ಹುಡುಗರು ಆಗಾಗ ಕೇಳುತ್ತಾರೆ. ಎಲ್ಲರ ತಲೆಯಲ್ಲೂ ಇರುವುದು ಗ್ರಿಪ್ ಒಂದೇ. ನಾನು ಮಾತ್ರ ಬೆಳಿಗ್ಗೆ ಹೋದ ಹಾಗೆಯೇ ಮಧ್ಯಾಹ್ನವೂ ಹೋಗುವ ಟಯರ್ ಹುಡುಕುತ್ತೇನೆ. ನಮ್ಮಂಥ ಹವ್ಯಾಸಿಗಳಿಗೆ ಒಂದು ಸುತ್ತಲ್ಲ, ಸುತ್ತಿನ ಮೇಲೆ ಸುತ್ತು ಗೆಲ್ಲಬೇಕು, ಅಲ್ವಾ?

ನನ್ನದು ಹಳೆಯ ಕೆಟಿಎಂ 390 ಡ್ಯೂಕ್ ಬೈಕ್, 373 ಸಿಸಿ. ಇಂಜಿನ್ ಮುಟ್ಟಿಲ್ಲ. ಹಿಂದಿನ ಟಯರ್ ಸೈಜ್ 150/60-17, ಅಂದರೆ ಅಗಲ 150 ಮಿ.ಮೀ., ಬದಿಯ ಎತ್ತರ ಅಗಲದ ಶೇ. 60, ರಿಮ್ ವ್ಯಾಸ 17 ಇಂಚು. ಇದೇ ಬೈಕಿಗೆ ಮೂರು ಜಾತಿಯ ಟಯರ್ ಹಾಕಿ ಓಡಿಸಿದ್ದೇನೆ: ಬೈಕಿನ ಜೊತೆ ಬರುವಂಥ ಸ್ಪೋರ್ಟ್ ರೇಡಿಯಲ್ (ಒಳಗಿನ ದಾರಗಳು ಅಂಚಿನಿಂದ ಅಂಚಿಗೆ ನೇರವಾಗಿ ಹೋಗುವ ಟಯರ್), ಟ್ರ್ಯಾಕ್‌ಗೆಂದೇ ಮಾಡಿದ ಮೆತ್ತನೆ ರಬ್ಬರಿನ ರೇಡಿಯಲ್, ಮತ್ತೆ ಅಗ್ಗದ ನೈಲಾನ್ ಟಯರ್ (ಒಳಗಿನ ದಾರಗಳು ಓರೆಯಾಗಿ ಹೋಗುವ ಹಳೆಯ ಬಗೆಯದು). ಹೋಲಿಕೆ ಜಾತಿಗಳದ್ದು, ಆದ್ದರಿಂದ ಬ್ರಾಂಡ್ ಹೆಸರು ಬೇಡ.

ಓಡಿಸಿದ್ದೆಲ್ಲ ಘಟ್ಟದಾಚೆ, ಅನುಮತಿ ಇರುವ ಸ್ಟ್ರಿಪ್‌ನಲ್ಲಿ. ಬೈಕನ್ನು ಪಿಕಪ್‌ಗೆ ಕಟ್ಟಿ ಶಿರಾಡಿ ಹತ್ತಿಸಬೇಕು, ಖರ್ಚು ಉಂಟು. ಹಾಗಂತ ಹೆದ್ದಾರಿ 66ರಲ್ಲಿ ರಾತ್ರಿ ಟೈಮಿಂಗ್ ನೋಡುವುದು ದಯವಿಟ್ಟು ಬೇಡ ಮಾರಾಯ್ರೆ. ಅಡ್ಡ ಬರುವ ದನಕ್ಕೂ ಸ್ಕೂಟರಿಗೂ ನಿಮ್ಮ ರೇಸ್ ಗೊತ್ತಿರುವುದಿಲ್ಲ.

ಓಟ ಕಾಲು ಮೈಲಿ, ಅಂದರೆ 402 ಮೀಟರ್. ಟಯರಿನ ಗುಣ ಗೊತ್ತಾಗುವುದು ಮೊದಲ 60 ಅಡಿಯಲ್ಲೇ, ಅಂದರೆ ಸುಮಾರು 18 ಮೀಟರ್. ಟೈಮ್ ಸ್ಲಿಪ್ (ಓಟದ ಸಮಯಗಳನ್ನು ಬರೆದು ಕೊಡುವ ಚೀಟಿ) ಕೈಗೆ ಬಂದ ಕೂಡಲೇ ನಾನು ನೋಡುವುದು ಆ 60 ಅಡಿಗೆ ಹಿಡಿದ ಸಮಯದ ಅಂಕಿ. ಹಸಿರು ದೀಪಕ್ಕೆ ಎಷ್ಟು ಬೇಗ ಎದ್ದಿರಿ ಅನ್ನುವುದು ಬೇರೆ ಲೆಕ್ಕ, ಅದು ನಿಮ್ಮ ಕೈಯದ್ದು.

ಮೊದಲು ಮೆತ್ತನೆಯದು. ಅತಿ ವೇಗದ ಓಟ ಕೊಟ್ಟದ್ದು ಇದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಬಿಸಿ ಸರಿಯಾಗಿ ಕೂತಿರಬೇಕು. ಬೆಳಗಿನ ಮೊದಲ ಓಟದಲ್ಲಿ ರಬ್ಬರ್ ತಣ್ಣಗಿತ್ತು, ಹಿಂದಿನ ಚಕ್ರ ಸುಮ್ನೆ ತಿರುಗಿತು. ಬರ್ನ್‌ಔಟ್ ಮಾಡಿ, ಅಂದರೆ ಹಿಂದಿನ ಚಕ್ರವನ್ನು ನಿಂತಲ್ಲೇ ಜೋರಾಗಿ ತಿರುಗಿಸಿ, ಬಿಸಿ ಮಾಡಿದ ಮೇಲೆ ಅದೇ ಟಯರ್ ನೆಲವನ್ನು ಕಚ್ಚಿ ಹಿಡಿಯಿತು. ಆಗ ಇನ್ನೊಂದು ತೊಂದರೆ. ಡ್ಯೂಕ್‌ನ ಎರಡು ಚಕ್ರಗಳ ನಡುವಿನ ಅಂತರ ಕಡಿಮೆ, ಹಿಂದೆ ಹಿಡಿತ ಜಾಸ್ತಿಯಾದರೆ ಮುಂದಿನ ಚಕ್ರ ಏಳುತ್ತದೆ. ಎದ್ದರೆ ಥ್ರಾಟಲ್ ಬಿಡಲೇಬೇಕು, ಬಿಟ್ಟರೆ ಗಳಿಸಿದ್ದೆಲ್ಲ ಅಲ್ಲೇ ಹೋಯಿತು. ಮಧ್ಯಾಹ್ನ ಟಾರು ಕಾದಾಗ ಟಯರ್ ಮೇಲ್ಮೈ ಜಿಡ್ಡು ಜಿಡ್ಡಾಯಿತು. ಬೆರಳಾಡಿಸಿದರೆ ರಬ್ಬರ್ ಸಣ್ಣ ಸಣ್ಣ ಉಂಡೆಯಾಗಿ ಎದ್ದು ಬರುತ್ತಿತ್ತು, ಅದರಲ್ಲಿ ಮರಳಿನ ಕಣ ಅಂಟಿರುತ್ತಿತ್ತು. 60 ಅಡಿಯ ಅಂಕಿ ಪ್ರತಿ ಸ್ಲಿಪ್ಪಿನಲ್ಲೂ ಬೇರೆ. ಸಾಲದ್ದಕ್ಕೆ ಈ ರಬ್ಬರ್ ಕಾದು ಆರಿದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಬೈಕ್ ಶೆಡ್ಡಿನಲ್ಲೇ. ಮಳೆ ಮುಗಿಸಿ ತೆಗೆದಾಗ ಉಗುರು ಒತ್ತಿ ನೋಡಿದೆ, ಮೊದಲಿನ ಮೆದು ಇರಲಿಲ್ಲ.

ನೈಲಾನ್ ಟಯರ್ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಬೆಲೆ ಕಡಿಮೆ, ಬಾಳಿಕೆ ಹೆಚ್ಚು, ದಿನಾ ಮಣಿಪಾಲಕ್ಕೆ ಹೋಗಿ ಬರಲು ಒಳ್ಳೆಯದೇ. ನಾನು ಹಾಕಿದ್ದು 140/70. ಲೆಕ್ಕ ಹಾಕಿದರೆ ಇದರ ವ್ಯಾಸ 150/60ಕ್ಕಿಂತ ಸುಮಾರು 16 ಮಿ.ಮೀ. ಜಾಸ್ತಿ. ಅಂದರೆ ಗೇರಿಂಗ್ ಶೇ. 2.6ರಷ್ಟು ಉದ್ದವಾದ ಹಾಗೆ: ಚಕ್ರದ ಒಂದು ಸುತ್ತಿಗೆ ಇಂಜಿನ್ ಬೈಕನ್ನು ಅಷ್ಟು ಹೆಚ್ಚು ದೂರ ಎಳೆಯಬೇಕು. ಹೊರಡುವಾಗಲೇ ಬೈಕ್ ಭಾರ ಅನ್ನಿಸಿತು. ಅಂಕಿಗಳಲ್ಲಿ ಏರುಪೇರು ಕಡಿಮೆ ಇತ್ತು, ಆದರೆ ಎಲ್ಲವೂ ಒಂದೇ ಸಮ ನಿಧಾನ. ಸ್ಪ್ರಾಕೆಟ್ (ಚೈನ್ ಓಡುವ ಹಲ್ಲುಚಕ್ರ) ಬದಲಿಸಿದರೆ ಸ್ವಲ್ಪ ಸರಿಹೋಗಬಹುದು, ನನಗೆ ಅಷ್ಟು ಆಸಕ್ತಿ ಬರಲಿಲ್ಲ.

ನಾನು ಉಳಿಸಿಕೊಂಡದ್ದು ಕಂಪನಿ ಜಾತಿಯ ರೇಡಿಯಲ್. ಇದಕ್ಕೆ ಬಿಸಿಯ ಹಂಗು ಕಡಿಮೆ. ಹಿಡಿತ ಮೆತ್ತನೆಯದಕ್ಕಿಂತ ಸ್ವಲ್ಪ ಕಡಿಮೆ, ಅದೇ ಇಲ್ಲಿ ಲಾಭ. 6000 ಆರ್‌ಪಿಎಂ ಹತ್ತಿರ ಕ್ಲಚ್ ಬಿಟ್ಟಾಗ ಟಯರ್ ಒಂಚೂರು ಜಾರುತ್ತದೆ, ಇಂಜಿನ್ ಕುಗ್ಗುವುದಿಲ್ಲ, ಮುಂದಿನ ಚಕ್ರ ನೆಲ ಬಿಟ್ಟರೂ ಅಂಗೈಯಷ್ಟೇ. ಕ್ಲಚ್ ಎಲ್ಲಿ ಹಿಡಿಯಬೇಕು ಅಂತ ಕೈಗೆ ಅಭ್ಯಾಸವಾಗುತ್ತದೆ, ಟಯರ್ ಆ ಅಭ್ಯಾಸವನ್ನು ಕೆಡಿಸುವುದಿಲ್ಲ. ಸ್ಲಿಪ್ಪುಗಳನ್ನು ಸಾಲಾಗಿ ಇಟ್ಟರೆ 60 ಅಡಿಯ ಅಂಕಿಗಳು ಹತ್ತಿರ ಹತ್ತಿರ ಇರುತ್ತವೆ. ಅಮೆರಿಕದ ಬ್ರಾಕೆಟ್ ರೇಸಿಂಗ್‌ನಲ್ಲಿ ನಿಮ್ಮ ಸಮಯ ನೀವೇ ಮೊದಲು ಹೇಳಬೇಕು, ಹೇಳಿದ್ದಕ್ಕಿಂತ ಬೇಗ ಹೋದರೆ ಸಾಮಾನ್ಯವಾಗಿ ಸೋಲು. ಅಂಥ ಆಟಕ್ಕೆ ನಾನು ಕಣ್ಣುಮುಚ್ಚಿ ಈ ಟಯರನ್ನೇ ಆರಿಸುತ್ತೇನೆ. ಸಿಸಿ ಪ್ರಕಾರ ಓಡುವ ನಮ್ಮ ಕ್ಲಾಸ್‌ಗಳಲ್ಲೂ ಇದನ್ನೇ ಹಾಕುತ್ತೇನೆ. ಅಲ್ಲಿ ಮೆತ್ತನೆಯದು ಒಂದು ಓಟದಲ್ಲಿ ನನ್ನನ್ನು ಹಿಂದೆ ಹಾಕಬಹುದು, ದಿನವಿಡೀ ಹಾಕುವುದು ಕಷ್ಟ.

160 ಹಾಕಿದ್ರೆ ಹೇಗೆ ಅಂತ ಕೇಳುವವರಿಗೆ: ಬೇಡ. 160/60ಕ್ಕೆ ಸರಿಯಾದ ರಿಮ್ 4.5 ಇಂಚು, ಡ್ಯೂಕ್‌ನದ್ದು 4. ರಿಮ್ ಟಯರನ್ನು ಎರಡೂ ಬದಿಯಿಂದ ಹಿಂಡುತ್ತದೆ, ನಡು ಉಬ್ಬುತ್ತದೆ, ನೇರ ಓಟದಲ್ಲಿ ನೆಲ ಮುಟ್ಟುವ ಭಾಗ ಅಗಲವಾಗುವ ಬದಲು ಕಿರಿದಾಗುತ್ತದೆ.

ಯಾವ ಟಯರ್ ಇದ್ದರೂ ಗಾಳಿಯನ್ನು ಪ್ರತಿ ಓಟಕ್ಕೂ ಮೊದಲು ಒಂದೇ ಗೇಜ್‌ನಲ್ಲಿ ನೋಡಿ, ಒಂದೇ ಅಂಕಿಗೆ ತನ್ನಿ. ಬಿಸಿಲಲ್ಲಿ ನಿಂತರೇ ಗಾಳಿ ಏರುತ್ತದೆ. ಸ್ಟ್ರಿಪ್‌ಗೆಂದು ಇಳಿಸಿದ್ದರೆ ರಸ್ತೆಗೆ ಬರುವ ಮೊದಲು ಮತ್ತೆ ತುಂಬಿಸಿ. ಕೊಳ್ಳುವಾಗ ಟಯರಿನ ಬದಿಯ ನಾಲ್ಕು ಅಂಕಿ ಓದಿ: 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಅಂಗಡಿಯವರು ಹಳೆಯ ಸ್ಟಾಕ್‌ಗೆ ರಿಯಾಯಿತಿ ಕೊಟ್ಟರೂ ಡ್ರ್ಯಾಗ್‌ಗೆ ಅದು ಬೇಡ. ಇತ್ತೀಚಿನ ವರ್ಷದ ಅಂಕಿ ಇರುವುದನ್ನೇ ಒಳಗಿಂದ ತರಿಸಿ.